ಪದ ವಿಚಾರ: ಮುಂದೆ ಇರೋದು ಬೇರೆ, ಮುಂದೆ ನಡೆಸೋದು ಬೇರೆ

ಹೋದ ಸಂಚಿಕೆಯಲ್ಲಿ ಬೇರೇನೋ ಹೇಳುತ್ತಾ ಒಂದು ಮಾತು ಬರೆದುಬಿಟ್ಟಿದ್ದೆ. ನಮ್ಮ ಹನುಮಂತನಗರದ ಒಂದೇ ಲೈಟ್ ಕಂಬದಲ್ಲಿ ನಾಲ್ಕು ಜನ ‘ಯುವ ನಾಯಕರು’ ಫ್ಲೆಕ್ಸ್‌ನಲ್ಲಿ ನೇತಾಡುತ್ತಿದ್ದಾರೆ, ಇಷ್ಟೊಂದು ಲೀಡರ್‌ಗಳ ಹಿಂದೆ ಹೋಗೋಕೆ ಜನ ಎಲ್ಲಿಂದ ತರೋದು ಅಂತ. ಅಷ್ಟಕ್ಕೇ ಕಾಗದ, ಇಮೇಲ್ ಎಲ್ಲ ಒಂದೇ ದಿಕ್ಕಿನಿಂದ ಬಂದಿವೆ. ಮುಂದೆ ಇರುವವರಿಗೆ, ಮುಂದೆ ನಿಂತು ಮಾಡಿಸುವವರಿಗೆ ಇಂಗ್ಲಿಷಿನಲ್ಲಿ ಯಾವ ಪದ, ಎಲ್ಲಿ ಯಾವುದು ಅಂತ. ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಕಂಪನಿ ಬದಲಿಸೋಣ ಅಂತ ರೆಸ್ಯೂಮೆ ಮಾಡಿದೆ. ಎಲ್ಲ ಕಡೆ ‘ಲೆಡ್’ ಅಂತ ಇತ್ತು. ಸಪ್ಪೆಯಾಗಿದೆ ಅಂತ ಗೆಳೆಯ ಹೇಳಿದ. ಏಳು ಕಡೆ ‘ಸ್ಪಿಯರ್‌ಹೆಡೆಡ್’ ಮಾಡಿದೆ. ಸರಿ ಇದೆಯಾ? ಏಳನ್ನೂ ಕೆಳಗೆ ಬರೆದಿದ್ದೇನೆ. – ಮಾರತ್ತಹಳ್ಳಿಯ ಓದುಗ

ಏಳು ಈಟಿ ಹಿಡಿದುಕೊಂಡು ಇಂಟರ್‌ವ್ಯೂಗೆ ಹೋದರೆ ಸೆಕ್ಯುರಿಟಿಯವರು ಗೇಟಿನಲ್ಲೇ ನಿಲ್ಲಿಸುತ್ತಾರಪ್ಪ.

ಸ್ಪಿಯರ್ ಅಂದರೆ ಈಟಿ. ಸ್ಪಿಯರ್‌ಹೆಡ್ ಅಂದರೆ ಅದರ ಮೊನೆ. ದಾಳಿಯಲ್ಲಿ ಎಲ್ಲರಿಗಿಂತ ಮೊದಲು ನುಗ್ಗುವ ತುಕಡಿಗೂ ಅದೇ ಹೆಸರು ಬಂತು. ಆಮೇಲೆ ಅದು ಕ್ರಿಯಾಪದವೂ ಆಯಿತು. ಮೊನೆ ಬೇಕಾಗುವುದು ಎದುರಿಗೆ ಏನಾದರೂ ಗಟ್ಟಿಯಾದದ್ದು ಇದ್ದಾಗ. ನಿಮ್ಮ ಪಟ್ಟಿಯ ಮೊದಲನೆಯದು ಸೋಮವಾರ ಬೆಳಿಗ್ಗೆಯ ವಾರದ ಮೀಟಿಂಗ್. ಅದರಲ್ಲಿ ಚುಚ್ಚೋಕೆ ಏನಿದೆ? ‘ರ‍್ಯಾನ್’ ಅಂತ ಬರೆಯಿರಿ, ಸಾಕು. ಎರಡನೆಯದು, ಹೊಸದಾಗಿ ಸೇರಿದ ಇಬ್ಬರಿಗೆ ಕೆಲಸ ಕಲಿಸಿದ್ದು. ಅದು ‘ಟ್ರೈನ್ಡ್’. ಅದರಲ್ಲಿ ನಾಚಿಕೆ ಏನೂ ಇಲ್ಲ, ನನ್ನ ಕಣ್ಣಿಗೆ ಅದೇ ಏಳರಲ್ಲಿ ದೊಡ್ಡದು. ನಾಲ್ಕನೆಯದನ್ನು ಓದಿ ಸಂತೋಷವಾಯಿತು. ಕೈಯಿಂದ ಮಾಡುತ್ತಿದ್ದ ಟೆಸ್ಟಿಂಗನ್ನು ಆಟೊಮೇಶನ್‌ಗೆ ತರಲು ಹೊರಟಾಗ ಇಡೀ ಟೀಮು ಬೇಡ ಅಂದಿತ್ತು, ಆರು ತಿಂಗಳು ಪಟ್ಟು ಹಿಡಿದು ಮಾಡಿಸಿದಿರಿ ಅಂದಿದ್ದೀರಿ. ಅಲ್ಲಿ ಈಟಿ ಇರಲಿ. ಉಳಿದ ಕಡೆ ಕೆಳಗಿಡಿ.

ಇನ್ನು ‘ಹೆಡೆಡ್’ ಹಾಕಲಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಹೆಡ್ ಮಾಡುವುದು ಕುರ್ಚಿಯ ಮಾತು. ಆ ವಿಭಾಗಕ್ಕೆ ನೀವೇ ಮೇಲಿನವರಾಗಿದ್ದರೆ ಮಾತ್ರ ಅದು. ಲೀಡ್ ಮಾಡುವುದಕ್ಕೆ ಕುರ್ಚಿ ಬೇಕಿಲ್ಲ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ಅಲ್ಲಿ ಹೆಡ್ ಮಾಡುವವರು ಒಬ್ಬರಿದ್ದರು. ರಾತ್ರಿ ಹನ್ನೊಂದಕ್ಕೆ ದೊಡ್ಡ ಸುದ್ದಿ ಬಂದರೆ ಲೀಡ್ ಮಾಡುವವರು ಇನ್ನೊಬ್ಬರು. ಇಬ್ಬರ ಸಂಬಳವೂ ಬೇರೆ ಬೇರೆ ಇತ್ತು ಅನ್ನೋದು ಬೇರೆ ಕಥೆ.

‘ಲೆಡ್’ ಸಪ್ಪೆ ಅಂದ ನಿಮ್ಮ ಗೆಳೆಯನಿಗೆ ಒಂದು ವಿಷಯ ಹೇಳಿ. ಹಳೆಯ ಇಂಗ್ಲಿಷಿನ ಕಾಲದಲ್ಲಿ ‘ಹೋಗು, ಪಯಣಿಸು’ ಅನ್ನುವ ಅರ್ಥದ ಒಂದು ಕ್ರಿಯಾಪದವಿತ್ತು. ‘ಹೋಗುವಂತೆ ಮಾಡು’ ಅನ್ನೋದಕ್ಕೆ ಅದೇ ಬೇರಿನಿಂದ ಹುಟ್ಟಿದ್ದು ಲೀಡ್. ನಾವು ‘ನಡೆ’ಗೆ ‘ಇಸು’ ಸೇರಿಸಿ ‘ನಡೆಸು’ ಅನ್ನುತ್ತೇವಲ್ಲ, ಥೇಟ್ ಹಾಗೆ. ಹಾಗಾಗಿ ಲೆಡ್ ಅಂತ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ. ನನ್ನ ಮಾತಿನಿಂದ ಯಾರಾದರೂ ನಡೆದರಾ? ನಡೆದಿದ್ದರೆ ಆ ಪದ ನಿಮ್ಮದು. ನೀವೊಬ್ಬರೇ ಮುಂದೆ ಹೋಗಿದ್ದರೆ ಬೇರೆ ಪದ ನೋಡೋಣ.

ಪ್ರಶ್ನೆ: ‘ಲೀಡೆಡ್’ ಅಂತ ಪದ ಇದೆಯಾ? – ಕೆಂಗೇರಿ ಉಪನಗರದ ವಿದ್ಯಾರ್ಥಿನಿ

ಇಲ್ಲಮ್ಮ. ಲೀಡ್‌ನ ಭೂತಕಾಲ ಲೆಡ್. ‘ಲೆಡೆಡ್’ ಅಂತ ಒಂದಿದೆ, ಅದು ಸೀಸ ಬೆರೆಸಿದ ಪೆಟ್ರೋಲಿಗೆ ಹೇಳುತ್ತಿದ್ದದ್ದು. 2000ನೇ ಇಸವಿಯಲ್ಲಿ ದೇಶದ ಬಂಕ್‌ಗಳಿಂದ ಅದೂ ಹೋಯಿತು.

ಪ್ರಶ್ನೆ: ನಮ್ಮ ಬಡಾವಣೆಯ ಕನ್ನಡ ಸಂಘದಿಂದ ರಾಜ್ಯೋತ್ಸವ ಮಾಡುತ್ತಿದ್ದೇವೆ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕನ್ನಡ ಓದಲು ಬಾರದವರು ಜಾಸ್ತಿ. ಅವರಿಗಾಗಿ ಆಹ್ವಾನ ಪತ್ರಿಕೆಯ ಹಿಂಬದಿ ಇಂಗ್ಲಿಷಿನಲ್ಲಿ ಹಾಕಬೇಕು. ದಿವ್ಯ ಸಾನ್ನಿಧ್ಯ, ಘನ ಉಪಸ್ಥಿತಿ, ಅಧ್ಯಕ್ಷತೆ, ನೇತೃತ್ವ, ಸಾರಥ್ಯ, ಇವಕ್ಕೆ ಸರಿಯಾದ ಪದ ತಿಳಿಸಿ. ಯಾರ ಹೆಸರನ್ನೂ ಬಿಡುವ ಹಾಗಿಲ್ಲ. – ಕಾಮಾಕ್ಷಿಪಾಳ್ಯದ ಸಂಘವೊಂದರ ಕಾರ್ಯದರ್ಶಿ

ನಿಮ್ಮ ಕಷ್ಟ ಅರ್ಥವಾಯಿತು. ಹೆಸರು ಬಿಟ್ಟರೆ ಮುಂದಿನ ವರ್ಷ ಚಂದಾ ಬರಲ್ಲ.

ಮೊದಲು ಸುಲಭದ್ದು. ಅಧ್ಯಕ್ಷತೆ ವಹಿಸುವುದು ‘ಪ್ರಿಸೈಡ್’. ಲ್ಯಾಟಿನ್‌ನಲ್ಲಿ ಅದರ ಅರ್ಥ ‘ಮುಂದೆ ಕೂರು’. ಪ್ರೆಸಿಡೆಂಟ್ ಅಂದರೂ ಅಷ್ಟೇ, ಮುಂದೆ ಕೂತವರು. ನಮ್ಮ ಸಭೆಗಳಿಗೆ ಇದಕ್ಕಿಂತ ಸರಿಯಾದ ಪದ ಸಿಗಲ್ಲ. ‘ಚೇರ್’ ಅಂತಲೂ ಹಾಕಬಹುದು, ಅದು ನೇರವಾಗಿ ಕುರ್ಚಿಯೇ.

ನೇತೃತ್ವಕ್ಕೆ ‘ಲೆಡ್ ಬೈ’. ನೇತೃ, ನಾಯಕ, ನೀತಿ, ಕೊನೆಗೆ ನಯನ ಕೂಡ ಸಂಸ್ಕೃತದ ಒಂದೇ ಧಾತುವಿನವು. ಕರೆದುಕೊಂಡು ಹೋಗು ಅಂತ ಅರ್ಥ. ಕಣ್ಣೇ ನಮ್ಮನ್ನು ಕರೆದುಕೊಂಡು ಹೋಗುವುದು ಅಲ್ವಾ?

ಸಾರಥ್ಯಕ್ಕೆ ಇಂಗ್ಲಿಷಿನವರು ರಥ ಬಿಟ್ಟು ಹಡಗು ಹತ್ತುತ್ತಾರೆ. ‘ಅಟ್ ದ ಹೆಲ್ಮ್’ ಅನ್ನುತ್ತಾರೆ. ಹೆಲ್ಮ್ ಅಂದರೆ ಚುಕ್ಕಾಣಿಯ ಹಿಡಿ. ಹಡಗೇ ಕಾಣದ ಬೆಂಗಳೂರಿನಲ್ಲೂ ನಾವು ‘ಪಕ್ಷದ ಚುಕ್ಕಾಣಿ ಹಿಡಿದರು’ ಅಂತ ದಿನಾ ಬರೆಯುತ್ತೇವೆ. ಗವರ್ನಮೆಂಟ್ ಅನ್ನುವ ಪದದ ಬೇರೂ ಗ್ರೀಕರ ಹಡಗಿನಲ್ಲೇ ಇದೆ, ಚುಕ್ಕಾಣಿ ತಿರುಗಿಸು ಅನ್ನುವ ಕ್ರಿಯಾಪದ ಅದು. ಆದರೆ ಒಂದು ಸಂಜೆಯ ಕಾರ್ಯಕ್ರಮಕ್ಕೆ ಹೆಲ್ಮ್ ಭಾರವಾಯಿತು. ಚೇರು, ಶಾಮಿಯಾನ, ಊಟ ಎಲ್ಲ ನೋಡಿಕೊಳ್ಳುವವರು ಅವರೇ ತಾನೇ? ‘ಆರ್ಗನೈಸ್ಡ್ ಬೈ’ ಹಾಕಿ.

ದಿವ್ಯ ಸಾನ್ನಿಧ್ಯಕ್ಕೂ ಘನ ಉಪಸ್ಥಿತಿಗೂ ಇರುವ ವ್ಯತ್ಯಾಸ ಇಂಗ್ಲಿಷಿಗೆ ಗೊತ್ತಿಲ್ಲ. ‘ಇನ್ ದ ಪ್ರೆಸೆನ್ಸ್ ಆಫ್’ ಅಂತ ಬರೆದು ಸ್ವಾಮೀಜಿಯವರ ಹೆಸರು ಮೊದಲು, ಕಾರ್ಪೊರೇಟರ್ ಆಗಿದ್ದವರ ಹೆಸರು ಆಮೇಲೆ ಹಾಕಿಬಿಡಿ.

ಒಂದು ಎಚ್ಚರಿಕೆ. ಭುವನೇಶ್ವರಿ ಮೆರವಣಿಗೆಯೂ ಇದೆ ಅಂದಿದ್ದೀರಿ. ಇಂಗ್ಲಿಷಿನಲ್ಲಿ ಮೆರವಣಿಗೆಯ ಮುಂದೆ ಯಾರು ಹೋದರೂ ‘ಲೆಡ್ ಬೈ’ ಅನ್ನಬಹುದು. ಡೊಳ್ಳಿನವರಿಗೂ ಅದೇ, ಮಂತ್ರಿಗಳಿಗೂ ಅದೇ. ಕನ್ನಡದಲ್ಲಿ ಹಾಗಲ್ಲ. ಡೊಳ್ಳಿನವರು ಮುಂದೆ ಹೋಗುತ್ತಾರೆ, ನೇತೃತ್ವ ಅವರದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಉತ್ಸವವೊಂದರ ಇಂಗ್ಲಿಷ್ ಸುದ್ದಿಯನ್ನು ನಾನು ಅವಸರದಲ್ಲಿ ಕನ್ನಡ ಮಾಡಿದ್ದೆ. ‘ಸಿಂಗರಿಸಿದ ಎರಡು ಆನೆಗಳ ನೇತೃತ್ವದಲ್ಲಿ ಮೆರವಣಿಗೆ ಹೊರಟಿತು’ ಅಂತ. ಪ್ರೂಫ್ ನೋಡುವ ಹಿರಿಯರು ಪುಣ್ಯಕ್ಕೆ ಹಿಡಿದರು. ಪ್ರೂಫಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಅಧ್ಯಕ್ಷತೆ ಯಾರದು, ಒಂಟೆಯದಾ?’ ಅಂತ ಬರೆದು ಕಳಿಸಿದ್ದರು.

ಪ್ರಶ್ನೆ: ‘ಪಯನಿಯರ್’ ಅನ್ನೋದಕ್ಕೆ ಪತ್ರಿಕೆಗಳು ಒಮ್ಮೆ ಹರಿಕಾರ ಅನ್ನುತ್ತವೆ, ಒಮ್ಮೆ ರೂವಾರಿ, ಒಮ್ಮೆ ಪ್ರವರ್ತಕ. ಯಾವುದು ಸರಿ? ಹರಿಕಾರ ಅಂದರೆ ಹರಿಕಥೆಗೆ ಸಂಬಂಧ ಇದೆಯೇ? – ರಾಜಾಜಿನಗರದ ನಿವೃತ್ತ ಉಪನ್ಯಾಸಕರು

ಹರಿಕಥೆಗೆ ಸಂಬಂಧವಿಲ್ಲ ಸರ್. ಆದರೆ ನಿಮ್ಮ ಪ್ರಶ್ನೆಯಲ್ಲಿ ಎಂಥ ಬೇಟೆ ಸಿಕ್ಕಿತು ನೋಡಿ.

ಪಯನಿಯರ್ ಅಂದಕೂಡಲೇ ನಮಗೆ ದೊಡ್ಡ ಮನುಷ್ಯರ ಫೋಟೊ ನೆನಪಾಗುತ್ತದೆ. ಮೂಲದಲ್ಲಿ ಅವನು ತೀರಾ ಕೆಳಗಿನ ಸಿಪಾಯಿ. ಫ್ರೆಂಚ್ ಸೈನ್ಯದಲ್ಲಿ ಗುದ್ದಲಿ, ಕೊಡಲಿ ಹಿಡಿದು ಮುಂದೆ ಹೋಗಿ ಗಿಡಗಂಟಿ ಕಡಿದು, ಹಳ್ಳ ಮುಚ್ಚಿ, ಕಂದಕ ತೋಡುತ್ತಿದ್ದವನು. ಹಿಂದೆ ಬರುವ ಕುದುರೆಗೂ ಫಿರಂಗಿಗೂ ದಾರಿ ಆಗಬೇಕಿತ್ತು. ಆ ಪದದ ಬೇರು ಲ್ಯಾಟಿನ್‌ನ ‘ಕಾಲು’. ಅಂದರೆ ಕಾಲಾಳು. ಅದೇ ಬೇರಿನಿಂದ ಚದುರಂಗದ ‘ಪಾನ್’ ಬಂತು. ಅದೇ ಬೇರಿನಿಂದ ಪೋರ್ಚುಗೀಸರ ಬಾಯಲ್ಲಿ ನಮ್ಮ ದೇಶಕ್ಕೆ ‘ಪ್ಯೂನ್’ ಬಂತು. ಆಫೀಸಿನ ಬಾಗಿಲಲ್ಲಿ ಸ್ಟೂಲ್ ಮೇಲೆ ಕೂತ ಪ್ಯೂನ್ ಮತ್ತು ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವ ಪಯನಿಯರ್ ಇಬ್ಬರೂ ಒಂದೇ ಮನೆಯವರು. ನಾವೂ ಪ್ಯೂನ್‌ಗೆ ‘ಜವಾನ’ ಅನ್ನುತ್ತೇವಲ್ಲ, ಗಡಿಯಲ್ಲಿ ನಿಂತವನೂ ಜವಾನನೇ. ಸಿಪಾಯಿಯನ್ನು ಕರೆತಂದು ಫೈಲು ಹೊರಿಸಿದ್ದು ಎರಡೂ ಭಾಷೆಯವರು ಮಾಡಿದ ಕೆಲಸ.

ಬೆಂಗಳೂರಿನವರಿಗೆ ಈ ಪಯನಿಯರ್ ದೂರದವನಲ್ಲ. ಹಲಸೂರು ಕೆರೆಯ ಹತ್ತಿರ ಇರುವ ಸೈನ್ಯದ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್), ಹುಟ್ಟಿದ್ದು 1780ರಲ್ಲಿ. ಆಗ ಕಟ್ಟಿದ ಎರಡು ಕಂಪನಿಗಳಿಗೆ ಇಟ್ಟಿದ್ದ ಹೆಸರು ‘ಮದ್ರಾಸ್ ಪಯನಿಯರ್ಸ್’. ಕೆಲಸವೂ ಅದೇ. ದಾರಿ, ಸೇತುವೆ, ಕಂದಕ.

ಈಗ ಹರಿಕಾರ. ಅವನೂ ದೊಡ್ಡವನಲ್ಲ. ಪಾರಸಿಯ ‘ಹರ್ಕಾರಾ’ದಿಂದ ಬಂದವನು. ಓಡಿಕೊಂಡು ಓಲೆ ಮುಟ್ಟಿಸುತ್ತಿದ್ದವನು, ದೊರೆ ಬರುವ ಮೊದಲೇ ಬಂದು ಸುದ್ದಿ ಹೇಳುತ್ತಿದ್ದವನು. ‘ಕ್ರಾಂತಿಯ ಹರಿಕಾರ’ ಅಂದಾಗ ಆ ಹಳೆಯ ಅರ್ಥ ಇನ್ನೂ ಸ್ವಲ್ಪ ಉಸಿರಾಡುತ್ತಿದೆ. ಬರಲಿರುವುದನ್ನು ಮೊದಲು ತಂದವನು ಅವನು.

ರೂವಾರಿ ಬೇರೆಯೇ ಜಾತಿ. ಶಾಸನಗಳಲ್ಲಿ ರೂವಾರಿ ಅಂದರೆ ಶಿಲ್ಪಿ. ಹೊಯ್ಸಳರ ಕಾಲದ ರೂವಾರಿ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಮೂರ್ತಿಗಳ ಕೆಳಗೆ ಇವತ್ತಿಗೂ ಓದಬಹುದು. ಅದು ಕೆತ್ತಿದವನ, ಕಟ್ಟಿದವನ ಪದ. ಇಂಗ್ಲಿಷಿನ ‘ಆರ್ಕಿಟೆಕ್ಟ್’ಗೆ ಸರಿಹೊಂದುತ್ತದೆ, ಪಯನಿಯರ್‌ಗೆ ಅಲ್ಲ. ಸರಗಳ್ಳತನದ ಜಾಲಕ್ಕೂ ‘ರೂವಾರಿ’ ಅಂತ ಹೆಡ್ಡಿಂಗ್ ಕೊಡುತ್ತಾರೆ, ನನಗೆ ಮೈ ಉರಿಯುತ್ತದೆ. ಅವನು ‘ಮಾಸ್ಟರ್‌ಮೈಂಡ್’. ಅವನಿಗೆ ಸೂತ್ರಧಾರ ಅನ್ನುವ ಪದ ಕೊಟ್ಟಾಗಿದೆ, ನಾಟಕದವರು ಹೇಗೋ ಸಹಿಸಿಕೊಂಡಿದ್ದಾರೆ. ಮಲ್ಲಿತಮ್ಮನನ್ನಾದರೂ ಬಿಟ್ಟುಬಿಡಿ.

ಹಾಗಾದರೆ ಪಯನಿಯರ್‌ಗೆ ಏನು? ಮೊದಲು ಮಾಡಿದವನು ಅಷ್ಟೇ ಅಂದರೆ ‘ಮೊದಲಿಗ’ ಅಂತ ಬರೆಯಿರಿ. ಮೊದಲು ಮಾಡಿ, ಹಿಂದೆ ಬಂದವರಿಗೆ ದಾರಿಯನ್ನೂ ಬಿಟ್ಟುಹೋಗಿದ್ದರೆ ಹರಿಕಾರ ಅನ್ನಿ. ಪ್ರವರ್ತಕ ಗ್ರಂಥದ ಪದ, ಮುನ್ನುಡಿಗಳಿಗೆ ಇರಲಿ.

ಜೊತೆಗೇ ಬರುವ ‘ಟ್ರೇಲ್‌ಬ್ಲೇಜರ್’ ಬಗ್ಗೆಯೂ ಒಂದು ಮಾತು. ಬ್ಲೇಜ್ ಅಂದರೆ ಬೆಂಕಿ ಅಂದುಕೊಂಡು ಅದನ್ನು ಕೆಲವರು ‘ಬೆಂಕಿಯ ದಾರಿ ತುಳಿದವರು’ ಅಂತ ಮಾಡುತ್ತಾರೆ. ಇಲ್ಲಿ ಬೆಂಕಿ ಇಲ್ಲ. ಕಾಡಿನಲ್ಲಿ ಮೊದಲು ಹೋಗುವವನು ದಾರಿ ತಪ್ಪದಿರಲಿ ಅಂತ ಮರದ ತೊಗಟೆಯನ್ನು ಕೊಡಲಿಯಿಂದ ಸ್ವಲ್ಪ ಸವರಿ ಬಿಳಿ ಗುರುತು ಮಾಡುತ್ತಾನೆ. ಆ ಬಿಳಿ ಗುರುತೇ ಬ್ಲೇಜ್. ಕುದುರೆಯ ಮುಖದ ಮೇಲಿನ ಬಿಳಿ ಪಟ್ಟೆಗೂ ಅದೇ ಹೆಸರು.

ಪ್ರಶ್ನೆ: ಕಾನೂನು ಓದುತ್ತಿದ್ದೇನೆ. ಟಿವಿ ಚರ್ಚೆಯಲ್ಲಿ ನಿರೂಪಕರು ‘ನಾನು ನಿಮಗೊಂದು ಲೀಡಿಂಗ್ ಕ್ವೆಶ್ಚನ್ ಕೇಳುತ್ತೇನೆ’ ಅಂದರು. ಮಹತ್ವದ ಪ್ರಶ್ನೆ ಅನ್ನುವ ಅರ್ಥದಲ್ಲಿ. ಅದು ತಪ್ಪಲ್ಲವೇ? – ಜಯನಗರದ ವಿದ್ಯಾರ್ಥಿ

ತಪ್ಪೇ. ಆ ತಪ್ಪನ್ನು ಅವರಿಗಿಂತ ಮೊದಲು ಮಾಡಿದವಳು ನಾನು. ಕೋರ್ಟ್ ವರದಿಯೊಂದರಲ್ಲಿ ‘ವಕೀಲರು ಪ್ರಮುಖ ಪ್ರಶ್ನೆ ಕೇಳಿದಾಗ ನ್ಯಾಯಾಧೀಶರು ತಡೆದರು’ ಅಂತ ಬರೆದಿದ್ದೆ. ಮರುದಿನ ವಯಸ್ಸಾದ ವಕೀಲರೊಬ್ಬರು ಆಫೀಸಿಗೆ ಫೋನ್ ಮಾಡಿದರು. ‘ಅಲ್ಲಮ್ಮಾ, ಪ್ರಮುಖ ಪ್ರಶ್ನೆ ಕೇಳೋದಕ್ಕೇ ನಾವು ಫೀಸು ತಗೊಳ್ಳೋದು. ಅದನ್ನೇ ತಡೆದರೆ ಗತಿ ಏನು?’ ಅಂದರು.

ಲೀಡಿಂಗ್ ಲಾಯರ್ ಅಂದರೆ ಹೆಸರಾಂತ ವಕೀಲರು. ಲೀಡಿಂಗ್ ಕ್ವೆಶ್ಚನ್ ಅಂದರೆ ಉತ್ತರದ ಕಡೆಗೆ ಕೈ ಹಿಡಿದು ನಡೆಸಿಕೊಂಡು ಹೋಗುವ ಪ್ರಶ್ನೆ. 1872ರ ಸಾಕ್ಷ್ಯ ಕಾಯ್ದೆಯ 141ನೇ ಸೆಕ್ಷನ್ ಅದನ್ನು ಹಾಗೇ ವಿವರಿಸಿತ್ತು. ಕೇಳುವವನು ಯಾವ ಉತ್ತರ ಬಯಸುತ್ತಾನೋ ಅದನ್ನೇ ಸೂಚಿಸುವ ಪ್ರಶ್ನೆ. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾನೂನು ಬಂದಿದೆ, ಅದರಲ್ಲೂ ಅರ್ಥ ಬದಲಾಗಿಲ್ಲ. ‘ಆತ ಯಾವ ಬಟ್ಟೆ ಹಾಕಿದ್ದ?’ ಅನ್ನೋದು ಸಾದಾ ಪ್ರಶ್ನೆ. ‘ಆತ ಕೆಂಪು ಶರ್ಟ್ ಹಾಕಿದ್ದ ಅಲ್ವಾ?’ ಅನ್ನೋದು ಲೀಡಿಂಗ್. ತಮ್ಮದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ಎದುರು ಪಕ್ಷ ಆಕ್ಷೇಪಿಸಿದರೆ ಇಂಥದ್ದನ್ನು ಕೋರ್ಟಿನ ಅನುಮತಿ ಇಲ್ಲದೆ ಕೇಳುವ ಹಾಗಿಲ್ಲ. ಪಾಟೀಸವಾಲಿನಲ್ಲಿ ಕೇಳಬಹುದು. ಇದೆಲ್ಲ ನಿಮಗೆ ಗೊತ್ತಿರುತ್ತದೆ, ಬೇರೆ ಓದುಗರಿಗಾಗಿ ಬರೆದೆ.

ಕೋರ್ಟಿಗೆ ಹೋಗದವರಿಗೆ ಉದಾಹರಣೆ ಬೇಕಾದರೆ, ಮನೆಗೆ ಬಂದವರನ್ನು ‘ಕಾಫಿ ಕುಡ್ಕೊಂಡೇ ಬಂದಿರ್ತೀರ ಅಲ್ವಾ?’ ಅಂತ ಕೇಳುವವರನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ನಾನು ವಿಮಾನ ಕಾರ್ಖಾನೆಯಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಮಗೆ ‘ಲೀಡಿಂಗ್ ಎಡ್ಜ್’ ಅಂದರೆ ರೆಕ್ಕೆಯ ಮುಂದಿನ ಅಂಚು. ಮಗ ತನ್ನ ಕಂಪನಿಯ ಆ್ಯಪ್ ‘ಲೀಡಿಂಗ್ ಎಡ್ಜ್’, ‘ಕಟಿಂಗ್ ಎಡ್ಜ್’ ಎರಡೂ ಅನ್ನುತ್ತಾನೆ. ಒಂದೇ ಅರ್ಥವೇ? ಕನ್ನಡದಲ್ಲಿ ‘ಮುಂಚೂಣಿ’ ಸಾಕಲ್ಲವೇ? – ವಿಮಾನಪುರದ ಓದುಗರು

ನಿಮ್ಮದೇ ಮೂಲ ಅರ್ಥ ಸರ್. ಗಾಳಿಗೆ ಮೊದಲು ಎದೆ ಕೊಡುವ ಅಂಚು. ಅದು ಗುಂಡಗಿರುತ್ತದೆ, ಹಿಂದಿನದು ಚೂಪು ಅಂತ ನಿಮಗೆ ನಾನು ಹೇಳಬೇಕೇ? 1940ರಿಂದ ವಿಮಾನ ಕಟ್ಟುತ್ತಿರುವ ಊರು ಇದು. ಇಲ್ಲಿ ಲೀಡಿಂಗ್ ಎಡ್ಜ್ ಅಂದರೆ ಮೊದಲು ರೆಕ್ಕೆಯೇ ನೆನಪಾಗಬೇಕು. ಕಟಿಂಗ್ ಎಡ್ಜ್ ಚಾಕುವಿನ ಅಲಗು. ಇಂಗ್ಲಿಷಿನಲ್ಲಿ ಇವತ್ತು ಎರಡೂ ‘ತೀರಾ ಹೊಸ’ ಅನ್ನುವ ಒಂದೇ ಅರ್ಥಕ್ಕೆ ಸವೆದಿವೆ. ಇನ್ನೂ ಸರಿಯಾಗಿ ಪರೀಕ್ಷೆ ಆಗದ, ಬಳಸಿದವರಿಗೇ ಗಾಯ ಮಾಡಬಹುದಾದ ಹೊಸದಕ್ಕೆ ಸಾಫ್ಟ್‌ವೇರಿನವರು ತಮಾಷೆಗೆ ‘ಬ್ಲೀಡಿಂಗ್ ಎಡ್ಜ್’ ಅಂದರು. ಮಗನನ್ನು ಕೇಳಿ, ಆ್ಯಪ್ ಅದರಲ್ಲಿ ಯಾವುದು ಅಂತ.

ಮುಂಚೂಣಿ ಖಂಡಿತ ಸಾಕು. ಅದರಲ್ಲೊಂದು ಮಜಾ ಇದೆ. ಹಳಗನ್ನಡದಲ್ಲಿ ‘ಚೂಣಿ’ ಅಂದರೇನೇ ಸೈನ್ಯದ ಮುಂಭಾಗ. ಅದು ಸಾಲದು ಅಂತ ನಾವು ‘ಮುಂ’ ಸೇರಿಸಿದೆವು. ಇಂಗ್ಲಿಷಿನವರೂ ಅದನ್ನೇ ಮಾಡಿದ್ದಾರೆ. ‘ಫ್ರಂಟ್’ ಅಂದರೆ ಲ್ಯಾಟಿನ್‌ನಲ್ಲಿ ಹಣೆ. ಹಣೆ ಮುಂದೆ ಇರುವುದೇ ತಾನೇ? ಅದಕ್ಕೆ ಮತ್ತೆ ‘ಮುಂದೆ’ ಅನ್ನುವ ‘ಫೋರ್’ ಅಂಟಿಸಿ ‘ಫೋರ್‌ಫ್ರಂಟ್’ ಮಾಡಿದರು. ಮುಂದೆ ಇರುವುದನ್ನು ಎರಡು ಸಲ ಹೇಳದಿದ್ದರೆ ಯಾರಿಗೂ ಸಮಾಧಾನವಿಲ್ಲ. ‘ವ್ಯಾನ್‌ಗಾರ್ಡ್’ ಕೂಡ ಸೈನ್ಯದ ಮುಂದಿನ ದಳವೇ, ಫ್ರೆಂಚ್‌ನಿಂದ ಬಂದದ್ದು. ಮೊದಲು ಸೈನ್ಯದವರು ತಂದರು, ಬಹಳ ಕಾಲದ ಮೇಲೆ ಕಲಾವಿದರು ಅದೇ ಪದವನ್ನು ‘ಅವಾಂಗಾರ್ಡ್’ ಅಂತ ಇನ್ನೊಮ್ಮೆ ತಂದುಕೊಂಡರು.

ಪ್ರಶ್ನೆ: ಚುನಾವಣೆ ಬಂದಾಗ ಇಂಗ್ಲಿಷ್ ಚಾನೆಲ್‌ಗಳು ಕೆಲವು ಕ್ಷೇತ್ರಗಳನ್ನು ‘ಬೆಲ್‌ವೆದರ್’ ಅನ್ನುತ್ತವೆ. ರಾಜಕೀಯದ ಹವಾಮಾನ ಅಂತಲೇ? – ಯಲಹಂಕದ ಓದುಗರು

ಹವಾಮಾನದ ವೆದರ್ ಅಲ್ಲ. ಬೀಜ ಒಡೆಸಿದ ಟಗರಿಗೆ ಇಂಗ್ಲಿಷಿನಲ್ಲಿ ‘ವೆದರ್’ ಅಂತಲೇ ಹೆಸರು, ಸ್ಪೆಲಿಂಗ್ ಬೇರೆ. ಅದರ ಕುತ್ತಿಗೆಗೆ ಗಂಟೆ ಕಟ್ಟಿದರೆ ಬೆಲ್‌ವೆದರ್. ಅದು ಹೋದ ಕಡೆ ಮಂದೆ ಹೋಗುತ್ತದೆ, ಗಂಟೆ ಕೇಳಿದ ಕಡೆ ಕುರುಬ ಹೋಗುತ್ತಾನೆ. ಆ ಕ್ಷೇತ್ರ ಯಾರನ್ನು ಗೆಲ್ಲಿಸುತ್ತದೋ ರಾಜ್ಯದಲ್ಲೂ ಅವರೇ ಬರುತ್ತಾರೆ ಅನ್ನುವ ಲೆಕ್ಕ. ಹೋದ ವರ್ಷ ದೇವನಹಳ್ಳಿ ಕಡೆಯ ಸರ್ವಿಸ್ ರಸ್ತೆಯಲ್ಲಿ ಒಂದು ಮಂದೆ ಅಡ್ಡ ಬಂದು ನಮ್ಮ ಕ್ಯಾಬ್ ನಿಂತಿತು. ಗಂಟೆಯ ಟಗರು ಡಿವೈಡರ್ ಹತ್ತಿರ ಬಂದು ಒಂದು ಕ್ಷಣ ಯೋಚಿಸಿತು. ನೂರಾರು ಕುರಿಗಳೂ ನಿಂತವು. ಅದು ಹಾರಿತು. ಡಿವೈಡರ್ ಮುಗಿದು ಸಾದಾ ರಸ್ತೆ ಬಂದಿದ್ದರೂ ಹಿಂದಿನ ನಾಲ್ಕೈದು ಕುರಿ ಸುಮ್ನೆ ಅಲ್ಲೂ ಹಾರಿದವು. ಪದದ ಅರ್ಥ ನನಗೆ ಪೂರ್ತಿ ಆದದ್ದು ಅವತ್ತು.

‘ಫ್ರಂಟ್‌ರನ್ನರ್’ ಮಾತ್ರ ರೇಸ್‌ಕೋರ್ಸಿನಿಂದ ಬಂದವನು. ಗೆಲ್ಲುವ ನಿರೀಕ್ಷೆ ಇರುವವನು, ಇನ್ನೂ ಗೆದ್ದಿಲ್ಲ. ಎಣಿಕೆ ಶುರುವಾದ ಮೇಲೆ ಅವನು ‘ಲೀಡಿಂಗ್’, ಅಂದರೆ ಮುನ್ನಡೆ. ‘ಪೇಸ್‌ಮೇಕರ್’ ಪಾಪ, ಮುಂದೆ ಓಡಿ ಬೇರೆಯವರನ್ನು ಗೆಲ್ಲಿಸುವವನು. 1954ರ ಮೇ 6ರಂದು ಇಂಗ್ಲೆಂಡಿನ ಓಟಗಾರ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದಾಗ ಹೆಚ್ಚು ಹೊತ್ತು ಮುಂದೆ ಇದ್ದದ್ದು ಅವರ ಪೇಸ್‌ಮೇಕರ್‌ಗಳು, ಮೊದಲು ಬ್ರಾಷರ್, ಆಮೇಲೆ ಚ್ಯಾಟವೇ. ದಾಖಲೆ ಬ್ಯಾನಿಸ್ಟರ್‌ದು.

ಪ್ರಶ್ನೆ: ಆಫೀಸಿನಿಂದ ಮೆಸೇಜು ಬಂತು, ಶುಕ್ರವಾರದ ಮೀಟಿಂಗ್ ‘ಬ್ರಾಟ್ ಫಾರ್ವರ್ಡ್’ ಅಂತ. ಮುಂದೂಡಿದ್ದಾರೆ ಅಂದುಕೊಂಡು ಮೈಸೂರಿಗೆ ಹೋದೆ. ಗುರುವಾರವೇ ನಡೆದುಹೋಗಿದೆ. ತಪ್ಪು ಯಾರದು? – ಬನಶಂಕರಿಯ ಓದುಗಿ

ಕನ್ನಡದ್ದು. ಕನ್ನಡದಲ್ಲಿ ದಿನ ‘ಮುಂದೆ’ ಹೋದರೆ ತಡ. ಇಂಗ್ಲಿಷಿನಲ್ಲಿ ದಿನವನ್ನು ‘ಫಾರ್ವರ್ಡ್’ ತಂದರೆ ಬೇಗ, ನಮ್ಮ ಹತ್ತಿರಕ್ಕೆ ಬಂದಂತೆ. ಮುಂದೂಡು ಅನ್ನೋದು ಪೋಸ್ಟ್‌ಪೋನ್, ಬ್ರಿಂಗ್ ಫಾರ್ವರ್ಡ್ ಅದರ ಉಲ್ಟಾ. ನಮ್ಮ ‘ಮುಂ’ ಬಹಳ ತುಂಟ ಪದ. ‘ಮುಂಚೆ’ ಅಂದರೆ ಆಗಿಹೋದದ್ದು, ‘ಮುಂದೆ’ ಅಂದರೆ ಆಗಬೇಕಾದದ್ದು. ಈ ಗೋಜಲಿಗೇ ನಮ್ಮ ದೇಶದವರು ‘ಪ್ರೀಪೋನ್’ ಅನ್ನುವ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಅದನ್ನು ನೋಡಿ ನಕ್ಕವರೇ ಜಾಸ್ತಿ, ಆದರೆ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದು ಇದೆ. ಹೆದರದೆ ಬಳಸಿ. ನಿಮ್ಮ ಬಾಸ್‌ಗೂ ಕಲಿಸಿ.

ಪ್ರಶ್ನೆ: ಚಾಮರಾಜಪೇಟೆಯಲ್ಲಿ ಡಿಟಿಪಿ ಮಾಡುತ್ತೇನೆ. ಪುಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಸಾಲುಗಳ ನಡುವಿನ ಜಾಗಕ್ಕೆ ‘ಲೀಡಿಂಗ್’ ಅಂತ ಯಾಕೆ ಹೆಸರು? ಯಾವುದು ಯಾವುದನ್ನು ಲೀಡ್ ಮಾಡುತ್ತದೆ? ಕನ್ನಡಕ್ಕೆ ಎಷ್ಟು ಇಡಬೇಕು? – ಓದುಗ

ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದು ಬೇಕು ಅಂತಲೇ.

ಅದು ಲೀಡಿಂಗ್ ಅಲ್ಲ, ‘ಲೆಡ್ಡಿಂಗ್’. ಲೆಡ್ ಅಂದರೆ ಸೀಸ. ಸ್ಪೆಲಿಂಗ್ ಒಂದೇ ಆದ್ದರಿಂದ ಎಲ್ಲರೂ ಮೋಸ ಹೋಗುತ್ತಾರೆ. ನನ್ನ ಅಪ್ಪ ಬಳೇಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಎಡಗೈಯಲ್ಲಿ ಮೊಳೆ ಜೋಡಿಸುವ ತಟ್ಟೆ, ಅಂದರೆ ಸ್ಟಿಕ್, ಬಲಗೈ ಅಚ್ಚುಮೊಳೆಯ ಕೇಸಿನ ಮೇಲೆ. ಮೊಳೆಗಳನ್ನು ನೋಡದೆ ಆರಿಸಿ, ತಿರುಗುಮುರುಗಾಗಿ ಜೋಡಿಸುತ್ತಿದ್ದರು. ಒಂದು ಸಾಲು ಮುಗಿದರೆ ಅದರ ಕೆಳಗೆ ಸೀಸದ ತೆಳ್ಳನೆಯ ಪಟ್ಟಿ ಇಡುತ್ತಿದ್ದರು. ಅದು ಮೊಳೆಗಿಂತ ಗಿಡ್ಡ. ಹಾಗಾಗಿ ಶಾಯಿ ತಾಗುವುದಿಲ್ಲ, ಅಚ್ಚಾಗುವುದಿಲ್ಲ, ಬರೀ ಜಾಗ ಬಿಡುತ್ತದೆ. ‘ಪದ್ಯಕ್ಕೆ ಎರಡು ಲೆಡ್ಡು ಹಾಕು, ಜಾಹೀರಾತಿಗೆ ಒಂದೇ ಸಾಕು’ ಅಂತ ಜೊತೆಯವರಿಗೆ ಹೇಳುತ್ತಿದ್ದದ್ದನ್ನು ಊಟದ ಡಬ್ಬಿ ಕೊಡಲು ಹೋದಾಗ ಕೇಳಿದ್ದೇನೆ. ಸಂಜೆ ಮನೆಗೆ ಬಂದರೆ ಅಮ್ಮ ಎರಡು ಸಲ ಸೋಪು ಹಚ್ಚಿ ಕೈ ತೊಳೆಸಿದ ಮೇಲೇ ತಟ್ಟೆ ಇಡುತ್ತಿದ್ದಳು.

ಬಿಎ ಓದುವಾಗ ಲೈಬ್ರರಿಯ ಒಂದು ಪುಸ್ತಕದಲ್ಲಿ ಆ ಪದ ನೋಡಿದೆ. ಮನೆಗೆ ಬಂದವಳೇ ‘ಅಪ್ಪಾ, ಅದು ಲೆಡ್ಡು ಅಲ್ಲ, ಲೀಡಿಂಗ್’ ಅಂತ ತಿದ್ದಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವರು ಅವರು. ‘ಹೌದಾ ಮಗಾ’ ಅಂದರು. ಮಾರನೇ ದಿನದಿಂದ ನನ್ನ ಮುಂದೆ ಆ ಪದವನ್ನೇ ಎತ್ತಲಿಲ್ಲ. ಅವರೇ ಸರಿ ಅಂತ ನನಗೆ ಗೊತ್ತಾಗಿದ್ದು ನಿಘಂಟಿನಲ್ಲಿ ಉಚ್ಚಾರ ನೋಡಿದ ದಿನ. ಆಗ ಪ್ರೆಸ್ಸು ಮುಚ್ಚಿ ಎರಡು ವರ್ಷವಾಗಿತ್ತು.

ಈಗ ನಿಮ್ಮ ಲೆಕ್ಕ. ಸಾಫ್ಟ್‌ವೇರಿನಲ್ಲಿ ಲೆಡ್ಡಿಂಗ್ ಅಂದರೆ ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡದವರೆಗಿನ ಅಳತೆ. ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರ, 14 ಅಥವಾ 15 ಪಾಯಿಂಟ್ ಲೆಡ್ಡಿಂಗ್ ಇದ್ದರೆ ನಡೆಯುತ್ತದೆ. ಕನ್ನಡಕ್ಕೆ ನಡೆಯಲ್ಲ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. 12ಕ್ಕೆ 18ರಿಂದ ಶುರು ಮಾಡಿ. ಒಂದು ಪುಟ ಪ್ರಿಂಟ್ ತೆಗೆದು ‘ರಾಷ್ಟ್ರ’, ‘ಶಾಸ್ತ್ರ’, ‘ಸ್ತ್ರೀ’ ಬಂದ ಸಾಲುಗಳನ್ನು ಹುಡುಕಿ. ಎರಡು ಒತ್ತು ಇರುವ ಕಡೆ ಕೆಳಗಿನ ಸಾಲಿನ ‘ಕಿ’, ‘ಮಿ’ಗಳ ತಲೆಗೆ ತಾಗುತ್ತಿದ್ದರೆ ಇನ್ನೊಂದು ಪಾಯಿಂಟ್ ಏರಿಸಿ.